ಹಿನ್ನೀರಿನ ಆಚೆಯ ಊರಿಗೊಂದು ಕಾಲುಸಂಕ

ಸಾಗರ ತಾಲ್ಲೂಕಿನ ಕರೂರು ಹೋಬಳಿಯ ಒಳಗಿನ ಎಷ್ಟೋ ಊರುಗಳಲ್ಲಿ ಹಳ್ಳ ತುಂಬಿತು ಅಂದರೆ ಆವತ್ತು ಮಕ್ಕಳಿಗೆ ಶಾಲೆ ಇಲ್ಲ. ಹಳ್ಳದ ಮೇಲೆ ಅಡಿಕೆ ಮರದ ಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ ಇರುತ್ತದೆ, ನಿಜ. ಆದರೆ ಜುಲೈ ಮಳೆಗೆ ಪಾಚಿ ಕಟ್ಟಿದ ಮರದ ಮೇಲೆ ಆರು ವರ್ಷದ ಮಗುವನ್ನು ಕಳಿಸಲು ಯಾವ ತಾಯಿಗೆ ಧೈರ್ಯ ಬರುತ್ತದೆ? ಅಂಥ ಒಂದು ಊರಿಗೆ ಗಟ್ಟಿ ಕಾಲುಸಂಕ ಹಾಕಿಸೋಣ ಅಂತ ನಾವು ಒಂದಿಷ್ಟು ಗೆಳೆಯರು ದುಡ್ಡು ಕೂಡಿಸಿಕೊಂಡು ಮೇ ತಿಂಗಳಲ್ಲಿ ಹೊರಟೆವು. ಊರಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ‘ನಮ್ಮದು ಬಡ ಊರು ಅಂತ ಎಲ್ಲ ಕಡೆ ಹಾಕ್ಬೇಡಿ’ ಅಂತ ಅಲ್ಲಿನವರೇ ಕೇಳಿಕೊಂಡಿದ್ದಾರೆ.

ಬೆಂಗಳೂರಿನಿಂದ ರಾತ್ರಿ ತಾಳಗುಪ್ಪ ರೈಲು ಹತ್ತಿದರೆ ಬೆಳಿಗ್ಗೆ ಸಾಗರ. ಅಲ್ಲಿಂದ ಜೀಪಿನಲ್ಲಿ ಆವಿನಹಳ್ಳಿ ದಾಟಿ ಹೊಳೆಬಾಗಿಲಿಗೆ ಬಂದೆವು. ಮೊದಲೆಲ್ಲ ಇಲ್ಲಿ ಶರಾವತಿ ಹಿನ್ನೀರು ದಾಟಲು ಲಾಂಚಿಗೆ ಕಾಯಬೇಕಿತ್ತು. ಜೀಪು, ಬಸ್ಸು, ಜನ ಎಲ್ಲ ಅದರ ಮೇಲೇ ದಾಟಬೇಕು. ಸಂಜೆಯ ಕೊನೆ ಲಾಂಚ್ ಹೋಯಿತು ಅಂದರೆ, ಹೆರಿಗೆ ನೋವು ಬಂದರೂ ಹಾವು ಕಚ್ಚಿದರೂ ಆಚೆ ದಡದವರ ಪಾಡು ದೇವರಿಗೇ ಪ್ರೀತಿ. 2025ರ ಜುಲೈನಲ್ಲಿ ಈ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆಯಿತು. ಉದ್ದ 2.44 ಕಿಲೋಮೀಟರ್. ಜೀಪು ಅದರ ಮೇಲೆ ಹೋಗುವಾಗ ಚಾಲಕ ಅಣ್ಣ ಬೇಕಂತಲೇ ನಿಧಾನ ಮಾಡಿದರು. ‘ನೋಡ್ಕಳಿ, ಇದಕ್ಕೆ ನಮ್ಮ ಅಪ್ಪನ ಕಾಲದಿಂದ ಅರ್ಜಿ ಕೊಟ್ಟಿದ್ದು’ ಅಂದರು.

ಮೇ ತಿಂಗಳಲ್ಲಿ ಹಿನ್ನೀರು ಕೆಳಗಿಳಿದಿರುತ್ತದೆ. ದಡದುದ್ದಕ್ಕೂ ಕೆಂಪು ಮಣ್ಣು, ಅದರಲ್ಲಿ ಕರ್ರಗೆ ನಿಂತ ಮರದ ಬೊಡ್ಡೆಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗುವ ಮುಂಚೆ ಇದು ಕಾಡು, ಗದ್ದೆ, ತೋಟ, ಮನೆ ಇದ್ದ ಜಾಗ. 1819 ಅಡಿವರೆಗೆ ನೀರು ನಿಲ್ಲಿಸಿದಾಗ ಊರಿಗೆ ಊರೇ ಮುಳುಗಿದವು. ಆ ನೀರಿನಿಂದಲೇ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವ್ಯಾಟ್ ಕರೆಂಟು ತಯಾರಾಗುತ್ತದೆ. ನಾಡಿಗೆ ಬೆಳಕು ಕೊಟ್ಟ ಜನ ಮಾತ್ರ ಚಿಮಣಿ ದೀಪದಲ್ಲಿ ಎಷ್ಟೋ ವರ್ಷ ಕಳೆದರು. ಅವರನ್ನು ಎಬ್ಬಿಸಿ ಕೂರಿಸಿದ ಜಾಗದ ಹಕ್ಕುಪತ್ರದ ತಕರಾರು ಇವತ್ತಿಗೂ ಬಗೆಹರಿದಿಲ್ಲ. ಪತ್ರ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಸಾಲ ಹುಟ್ಟಲ್ಲ, ಬೆಳೆ ಹೋದರೆ ಪರಿಹಾರವೂ ಕಷ್ಟ. ಈ ಕಡೆಯ ಬಡತನಕ್ಕೆ ಜನರ ಸೋಮಾರಿತನ ಕಾರಣ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಬೆಂಗಳೂರಿನಲ್ಲಿ ಫ್ಯಾನ್ ಹಾಕಿಕೊಂಡು ಮಲಗುವ ನಾವು ಇಲ್ಲಿಗೆ ಕೊಡುವ ದುಡ್ಡನ್ನು ದಾನ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಳೇ ಬಾಕಿಯಲ್ಲಿ ಒಂದು ಸಣ್ಣ ಕಂತು, ಅಷ್ಟೇ.

ಆಚೆ ದಡದ ತುಮರಿ ದಾಟಿದ ಮೇಲೆ ಟಾರು ರಸ್ತೆ ಬಿಟ್ಟು ಮಣ್ಣಿನ ದಾರಿ ಹಿಡಿದೆವು. ಊರು ಮುಟ್ಟಿದ ಕೂಡಲೇ ಮೊದಲ ಮನೆಯಲ್ಲಿ ಬೆಲ್ಲ–ನೀರು ಕೊಟ್ಟರು. ಆಮೇಲೆ ಮುರುಗಲು ಹಣ್ಣಿನ ಪಾನಕ. ‘ಬಟ್ಟೆ ಗಿಟ್ಟೆ ತಂದಿಲ್ಲ ಅಲ್ದಾ?’ ಆ ಮನೆಯ ಅಕ್ಕ ಮೊದಲು ಕೇಳಿದ್ದೇ ಇದು. ಹಿಂದೊಮ್ಮೆ ಯಾರೋ ಒಳ್ಳೆ ಮನಸ್ಸಿನಿಂದಲೇ ಮೂಟೆಗಟ್ಟಲೆ ಹಳೆ ಬಟ್ಟೆ ತಂದು ಶಾಲೆಯಲ್ಲಿ ಇಳಿಸಿ ಹೋಗಿದ್ದರಂತೆ. ಗುಂಡಿ ಇಲ್ಲದ ಅಂಗಿ, ಜಿಪ್ ಹೋದ ಪ್ಯಾಂಟು, ಮದುವೆಗೆ ಹಾಕುವ ಜರಿ ಲೆಹೆಂಗಾ! ಮಳೆಗಾಲಕ್ಕೆ ಬೂಸಲು ಹಿಡಿದು, ಕೊನೆಗೆ ಊರವರೇ ಅದನ್ನೆಲ್ಲ ಹೊತ್ತು ಹಾಕಿದರು. ‘ನಮಗೆ ಉಡಕ್ಕೆ ಇದೆ ಮಾರಾಯ್ರೆ. ದಾಟಕ್ಕೆ ಇಲ್ಲ’ ಅಂದರು ಅಕ್ಕ.

ನಾವು ಹೊರಡುವ ಮುಂಚೆಯೇ ಮೇಷ್ಟ್ರ ಮೂಲಕ ಊರಿಗೆ ಏನು ಬೇಕು ಅಂತ ಕೇಳಿಸಿದ್ದೆವು. ಶಾಲೆಯ ಜಗಲಿಯಲ್ಲಿ ಕೂತು ಅವರು ಪಟ್ಟಿ ಬರೆದು ಕಳಿಸಿದ್ದರು. ಮೊದಲು ಸಂಕ. ಆಮೇಲೆ ಬಿಸಿಯೂಟದ ಕೋಣೆಯ ಸೋರುವ ಮಾಡಿಗೆ ಹೆಂಚು. ಮೂರನೆಯದು ಶಾಲೆ ಗೋಡೆಗೆ ಸುಣ್ಣ–ಬಣ್ಣ. ಕಂಪ್ಯೂಟರ್ ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮಲ್ಲೊಬ್ಬರು ಕೊಡಿಸುತ್ತೇನೆ ಅಂದಾಗಲೂ, ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟೇ ಇರಲ್ಲ, ಆಮೇಲೆ ನೋಡೋಣ ಅಂದರು ಮೇಷ್ಟ್ರು.

ಗಟ್ಟಿ ಸಂಕ ಅಂದರೆ ದೊಡ್ಡ ಸೇತುವೆ ಏನಲ್ಲ. ಹಳ್ಳದ ಎರಡೂ ಕಡೆ ಕಲ್ಲು–ಸಿಮೆಂಟಿನ ಕಟ್ಟೆ, ಮಧ್ಯೆ ಕಬ್ಬಿಣದ ಚಾನಲ್ (ಉದ್ದದ ತೊಲೆ), ಮೇಲೆ ಕಾಲು ಜಾರದಂಥ ತಗಡು, ಎರಡು ಬದಿಗೂ ಹಿಡಿದುಕೊಳ್ಳಲು ಪೈಪು. ಮಲೆನಾಡಿನ ಶಾಲಾ ಮಕ್ಕಳಿಗಾಗಿ ಸರ್ಕಾರದ್ದೇ ‘ಶಾಲಾ ಸಂಪರ್ಕ ಸೇತು’ ಯೋಜನೆ ಇದೆ. ಅದರಲ್ಲಿ ಒಳ್ಳೊಳ್ಳೆ ಸಂಕಗಳು ಆಗಿವೆ. ಆದರೆ ಮಲೆನಾಡಿನಲ್ಲಿ ಹಳ್ಳಗಳಿಗೇನು ಕಮ್ಮಿಯೇ? ಸುಳ್ಯದ ಗಿರೀಶ್ ಭಾರದ್ವಾಜ್ ಅವರು ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದವರು. ಅವರ ಕೆಲಸದ ಬಗ್ಗೆ ಓದಿದ್ದೇ ನಮ್ಮಲ್ಲಿ ಕೆಲವರಿಗೆ ಇಂಥದಕ್ಕೆ ಕೈ ಹಾಕುವ ಧೈರ್ಯ ಕೊಟ್ಟಿದ್ದು. ಸುತ್ತ ಕಾಡು ಇರುವುದರಿಂದ ಪಂಚಾಯಿತಿ, ಅರಣ್ಯ ಇಲಾಖೆ ಎರಡೂ ಕಡೆ ಒಪ್ಪಿಗೆ ಬೇಕಿತ್ತು. ಆ ಓಡಾಟವನ್ನೆಲ್ಲ ಊರವರೇ ಮುಗಿಸಿಟ್ಟಿದ್ದರು.

ಹಳ್ಳದ ಹತ್ತಿರ ಹೋಗುವ ಮುಂಚೆ ಆಶಾ ಕಾರ್ಯಕರ್ತೆ ಅಕ್ಕ ಎಲ್ಲರಿಗೂ ಕೈಕಾಲಿಗೆ ಉಣುಗು, ಅಂದರೆ ಉಣ್ಣೆ ಹುಳ, ಹತ್ತದಂತೆ ಡೆಪಾ ಎಣ್ಣೆ ಹಚ್ಚಿಸಿದರು. ಮಂಗನ ಕಾಯಿಲೆ ಹರಡುವ ಉಣುಗು ಬೇಸಿಗೆಯಲ್ಲೇ ಜಾಸ್ತಿ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಕಾಯಿಲೆ ಇದು. 2019ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಕೊಟ್ಟಿಗೆಗೆ ದರಕು (ಒಣ ಎಲೆ) ತರಲು ದಿನಾ ಕಾಡಿಗೆ ಹೋಗಲೇಬೇಕಾದ ಹೆಂಗಸರಿಗೆ ಇದು ಪ್ರತಿ ವರ್ಷದ ಭಯ.

ನಮ್ಮ ಜೊತೆ ಬಂದಿದ್ದ ಎಂಜಿನಿಯರ್ ಗೆಳೆಯ ಹೋದ ವರ್ಷ ನೀರು ಬಂದ ಗುರುತು ನೋಡಿ ಕಟ್ಟೆಯ ಎತ್ತರ ಲೆಕ್ಕ ಹಾಕಿದ. ಪಕ್ಕದಲ್ಲಿ ಕವಳ ಹಾಕಿಕೊಂಡು ಕೂತಿದ್ದ ಅಜ್ಜ ತಲೆ ಅಲ್ಲಾಡಿಸಿದರು. ‘ನೀರು ಇಲ್ಲಿವರೆಗೆ ಬರೋದು ಹೌದು. ನೀರೊಂದೇ ಬರ್ತದಾ? ಮರ ಬರ್ತದೆ. ಬಿದಿರು ಮೆಳೆ ಬುಡ ಸಮೇತ ಬರ್ತದೆ. ಅದು ಸಂಕಕ್ಕೆ ಸಿಕ್ಕಿ ಅಡ್ಡ ನಿಂತ್ರೆ ಮುಗೀತು.’ ಎದ್ದು ಹೋಗಿ ದಡದ ಮರವೊಂದರ ಕವಲು ತೋರಿಸಿದರು. ನಮ್ಮ ತಲೆಗಿಂತ ಎತ್ತರದಲ್ಲಿ ಒಣಗಿದ ಕಸ, ಬೇರು, ಹರಿದ ಗೊಬ್ಬರದ ಚೀಲದ ಚೂರು ಸಿಕ್ಕಿಕೊಂಡಿತ್ತು. ಗೆಳೆಯ ಪುಸ್ತಕದಲ್ಲಿದ್ದ ಲೆಕ್ಕ ಹೊಡೆದು ಹಾಕಿ, ಅಜ್ಜನ ಕೈಯಲ್ಲೇ ಕಟ್ಟೆಯ ಎತ್ತರಕ್ಕೆ ದಾರ ಕಟ್ಟಿಸಿದ. ಸಂಕವೂ ಮಧ್ಯದಲ್ಲಿ ಕಂಬವಿಲ್ಲದ ಹಾಗೆ ಆಯಿತು, ಬಂದ ಮರ ಅಡಿಯಲ್ಲೇ ಹೋಗಲಿ ಅಂತ.

ಆಮೇಲೆ ಕಲ್ಲು ಹೊರುವ ಕೆಲಸ. ಊರಿನ ಪ್ರತಿ ಮನೆಯಿಂದ ಒಂದೊಂದು ಆಳು ಬಂದಿತ್ತು. ಪೇಟೆಯವರಾದ ನಮಗೆ ಒಂದು ಬುಟ್ಟಿ ಮರಳು ಹೊತ್ತರೆ ಏದುಸಿರು ಬರುತ್ತಿತ್ತು. ಅವರು ಚಾನಲ್ಲನ್ನು ಹೆಗಲ ಮೇಲೆ ಇಟ್ಟುಕೊಂಡು, ‘ಹೋಯ್’ ಅಂತ ಒಂದೇ ದನಿಯಲ್ಲಿ ಕೂಗುತ್ತಾ ಹಳ್ಳಕ್ಕೆ ಇಳಿದರು. ಅಕ್ಕಿ, ಬೇಳೆ, ಎಣ್ಣೆ ನಾವೇ ಒಯ್ದಿದ್ದೆವು. ಸೇವೆ ಮಾಡಲು ಹೋದವರು ಅವರ ಅಕ್ಕಿ ಡಬ್ಬಿ ಖಾಲಿ ಮಾಡಿ ಬರಬಾರದು, ಇದು ನನ್ನ ಗಟ್ಟಿ ಅಭಿಪ್ರಾಯ. ಆದರೂ ಗಂಜಿ ಜೊತೆ ಅಪ್ಪೆಮಿಡಿ, ಒಂದೆಲಗದ ತಂಬುಳಿ, ಹಲಸಿನ ಹಣ್ಣಿನ ಕಡುಬು ಅವರ ಮನೆಗಳಿಂದ ಬರುತ್ತಲೇ ಇತ್ತು. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಗೋಡೆ ಬಣ್ಣದ ಕತೆ ಹೇಳಲೇಬೇಕು. ನಮ್ಮ ಹುಡುಗಿಯರು ಟಿವಿ ಕಾರ್ಟೂನಿನ ಚಿತ್ರ ಬಿಡಿಸಲು ತಯಾರಾಗಿ ಬಂದಿದ್ದರು. ಅದನ್ನು ನೋಡಿದ ಒಬ್ಬ ಅಮ್ಮ ಮೆಲ್ಲಗೆ, ‘ನಾವು ಬರೀಲಾ?’ ಅಂತ ಕೇಳಿದರು. ಈ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಹಸೆ ಚಿತ್ತಾರ ಬರೆಯುವ ಕೈ ಅವರದು. ಪುಂಡಿ ನಾರನ್ನು ಜಜ್ಜಿ ಕುಂಚ ಮಾಡಿದರು. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ. ಕಪ್ಪಿಗೆ ಅಕ್ಕಿಯನ್ನೇ ಹುರಿದು ಕರಿ ಮಾಡಿದ್ದು. ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಗೆರೆ ಇಲ್ಲ. ನಾರಿನ ಒಂದು ತುದಿ ಗೋಡೆಗೆ ಮುಟ್ಟಿಸಿ ಎಳೆದರೆ ನೂಲಿನಷ್ಟು ಸಪೂರ ಗೆರೆ, ಅದರ ಪಕ್ಕ ಇನ್ನೊಂದು, ಮತ್ತೊಂದು. ನಮ್ಮ ಹುಡುಗಿಯರು ಡಬ್ಬಿ ಬಣ್ಣ ಮುಚ್ಚಿಟ್ಟು ಅವರ ಪಕ್ಕ ಕೂತರು. ಮಕ್ಕಳೂ ಕೂತರು. ಕಲಿಸಲು ಹೋದವರು ಕಲಿಯುತ್ತಾ ಕೂತಿದ್ದು ನೋಡಿ ನನಗೆ ತುಂಬಾ ಸಂತೋಷವಾಯಿತು.

ಖರ್ಚಿನ ಲೆಕ್ಕವನ್ನು ಮೇಷ್ಟ್ರು ಶಾಲೆ ಬಾಗಿಲಿಗೇ ಅಂಟಿಸಿದರು. ಸಿಮೆಂಟಿನಿಂದ ಮೊಳೆವರೆಗೆ ಎಲ್ಲ ಅದರಲ್ಲಿತ್ತು. ಉಳಿದ ಹಣ ಶಾಲೆಯ ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಖಾತೆಗೆ ಹೋಯಿತು, ಹೆಂಚಿಗೆ. ಕೊಟ್ಟವರಿಗೂ ಊರವರಿಗೂ ಅನುಮಾನ ಬರದಂತೆ ಇರಲು ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಮಳೆ ಜೋರಾದ ಮೇಲೆ ಮೇಷ್ಟ್ರು ಗುಡ್ಡ ಹತ್ತಿ, ನೆಟ್‌ವರ್ಕ್ ಸಿಗುವ ಜಾಗದಿಂದ ಫೋನ್ ಮಾಡಿದರು. ಹಳ್ಳ ತುಂಬಿ ಹರಿಯುತ್ತಿದೆ, ದೊಡ್ಡದೊಂದು ಮರ ಸಂಕದ ಅಡಿಯಲ್ಲೇ ದಾಟಿ ಹೋಯಿತು, ಮಕ್ಕಳು ಬರುತ್ತಿದ್ದಾರೆ ಅಂದರು. ಊರಿನ ಮೇಲಿನ ಕೇರಿಗೆ ಇನ್ನೊಂದು ಹಳ್ಳ ಇದೆ, ಅಲ್ಲಿ ಈಗಲೂ ಅಡಿಕೆ ಮರದ ಸಂಕವೇ. ಅದಕ್ಕೆ ಯಾವಾಗ ಬರೋಣ ಅಂತ ಕೇಳಿದೆ. ‘ಅಡಿಕೆ ಕೊಯ್ಲು ಮುಗೀಲಿ, ಅಷ್ಟರವರೆಗೆ ಯಾರಿಗೂ ಪುರುಸೊತ್ತಿರಲ್ಲ. ಫೆಬ್ರವರಿಗೆ ಬನ್ನಿ. ಚಾನಲ್ ಮಾತ್ರ ಸಾಗರದಲ್ಲಿ ಮೊದಲೇ ಹೇಳಿಟ್ಟಿರಿ’ ಅಂದರು.