ತಟ್ಟೆ ಬಡಿದು ನೋಡಿದವಳು ನಾನೇ

ಜಗಳೂರು ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಟೀಚರ್. ಒಂದು ಸಲ ತೂಕ ಮಾಡೋ ದಿನ, 11 ತಿಂಗಳ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಬ್ಬ ತಾಯಿ ಬಂದಳು, ಜೊತೆಗೆ ಅವಳ ಅತ್ತೆ. ತೂಕ ಚೆನ್ನಾಗಿಯೇ ಇತ್ತು. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಟೀಚರ್, ಇವನು ಕರೆದರೆ ತಿರುಗಲ್ಲ ನೋಡ್ರಿ. ಮೊದಲು ಗೂ ಗೂ ಅಂತಿದ್ದ, ಈಗ ಅದೂ ಕಡಿಮೆ" ಅಂದಳು.

ನಾನು ಏನು ಮಾಡಿದೆ ಅಂದರೆ, ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆ ತಂದು ಮಗುವಿನ ಹಿಂದೆ ನೆಲಕ್ಕೆ ಬಡಿದೆ. ಮಗು ತಿರುಗಿತು. "ಕೇಳ್ತದೆ ಬಿಡು ತಂಗಿ" ಅಂದೆ. ಅಜ್ಜಿ, "ಇವರಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು, ಸುಮ್ನಿರವ್ವ" ಅಂದರು. ನಾವು ಮೂವರೂ ನಕ್ಕೆವು.

ಆರು ತಿಂಗಳಾದ ಮೇಲೆ ಆರ್‌ಬಿಎಸ್‌ಕೆ ಗಾಡಿ ಬಂತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, 2013ರಿಂದ ಇದೆ. ಅವರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತದೆ. ಹುಟ್ಟಿನಿಂದ ಬಂದ ತೊಂದರೆ, ಕಾಯಿಲೆ, ಪೌಷ್ಟಿಕತೆಯ ಕೊರತೆ, ಬೆಳವಣಿಗೆ ತಡವಾಗೋದು, ಎಲ್ಲವನ್ನೂ. ಡಾಕ್ಟರಮ್ಮ ಮಗುವನ್ನು ತಾಯಿಯ ತೊಡೆ ಮೇಲೆ ಕೂರಿಸಿ, ಕೈಗೆ ಒಂದು ಆಟದ ಸಾಮಾನು ಕೊಟ್ಟರು. ಆಮೇಲೆ ನೆರಳು ಬೀಳದ ಹಾಗೆ ಪಕ್ಕಕ್ಕೆ ನಿಂತು ಗಿಲಕಿ ಆಡಿಸಿದರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಮಗು ಆಟದ ಸಾಮಾನನ್ನೇ ನೋಡುತ್ತಾ ಕೂತಿತ್ತು.

ನನ್ನ ತಟ್ಟೆಯ ಕಥೆ ಹೇಳಿದೆ. "ನೆಲ ಅದುರಿದ್ದು ಅವನಿಗೆ ಗೊತ್ತಾಗಿದೆ ಟೀಚರ್. ನಿಮ್ಮ ಸೆರಗಿನ ನೆರಳೂ ಕಂಡಿರುತ್ತೆ" ಅಂದರು. ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರ ಆಗುತ್ತಿತ್ತೇನೋ. ಕಿವಿ ವಿಷಯದಲ್ಲಿ ಒಂದು ಲೆಕ್ಕ ಇದೆಯಂತೆ: ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಾತ್ರಿ, ಆರರೊಳಗೆ ಚಿಕಿತ್ಸೆ ಶುರು. ನಾನೊಬ್ಬಳೇ ಆರು ತಿಂಗಳು ತಿಂದುಬಿಟ್ಟಿದ್ದೆ.

ದಾವಣಗೆರೆಗೆ ಚೀಟಿ ಬರೆದುಕೊಟ್ಟರು. ಬೇರಾ ಪರೀಕ್ಷೆ ಮಾಡಬೇಕಿತ್ತು. ತಲೆಗೆ, ಕಿವಿ ಹತ್ತಿರ ಸಣ್ಣ ವೈರು ಅಂಟಿಸಿ, ಶಬ್ದ ಮೆದುಳಿಗೆ ಮುಟ್ಟುತ್ತಾ ಅಂತ ನೋಡೋದು. ಮಗು ನಿದ್ದೆಯಲ್ಲಿರಬೇಕು. ಅದಕ್ಕೇ ಬೆಳಿಗ್ಗೆ ಮಲಗಿಸದೆ ಕರೆದುಕೊಂಡು ಬನ್ನಿ ಅಂದಿದ್ದರು. ತಾಯಿ ಐದು ಗಂಟೆಗೇ ಎಬ್ಬಿಸಿದಳು. ಬಸ್ಸು ಹೊರಟಿದ್ದೇ ತಡ, ಮಗು ನಿದ್ದೆ ಹೋಯಿತು. ದಾವಣಗೆರೆಯಲ್ಲಿ ಇಳಿದಾಗ ಕಣ್ಣು ಬಿಟ್ಟವನು ಮಧ್ಯಾಹ್ನದವರೆಗೆ ಮುಚ್ಚಲಿಲ್ಲ! ವಾಪಸ್ ಬಂದಳು. ಮೆಕ್ಕೆಜೋಳ ಮುರಿಯೋ ಕಾಲ, ಒಂದು ದಿನದ ಕೂಲಿ ಹೋಯಿತು. ಶಕ್ತಿ ಯೋಜನೆಯಿಂದ ಬಸ್ಸೇನೋ ಫ್ರೀ, ಕೂಲಿ ಯಾರು ಕೊಡ್ತಾರೆ? ಮನೆಯಲ್ಲಿ ಗಂಡ, "ಇನ್ನು ಸಾಕು" ಅಂದನಂತೆ.

ಎರಡನೇ ಸಲ ರಜೆ ಹಾಕಿ ನಾನೂ ಹೋದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ನಿಲ್ಲಿಸಿಕೊಂಡೆ. ಮಗು ತೂಕಡಿಸಿದಾಗೆಲ್ಲ ಒದ್ದೆ ಕರ್ಚೀಫು ಮುಖಕ್ಕೆ. ಬಾಳೆಹಣ್ಣು, ನನ್ನ ಬಳೆ, ಕಂಡಕ್ಟರ್ ಅಣ್ಣನ ಸೀಟಿ, ಸಿಕ್ಕಿದ್ದೆಲ್ಲ ಆಟದ ಸಾಮಾನೇ. ಪಕ್ಕದ ಸೀಟಿನ ಅಜ್ಜ, "ಕೂಸನ್ನ ಮಲಗಾಕ ಬಿಡ್ರವ್ವ, ಏನು ಪಾಪ ಮಾಡೇತಿ" ಅಂತ ಗದರಿದರು. ಅಲ್ಲಿ ತಲುಪಿದ ಹತ್ತು ನಿಮಿಷಕ್ಕೆ ತಾಯಿಯ ಹೆಗಲ ಮೇಲೆ ಮಲಗಿದ. ಪರೀಕ್ಷೆ ಮುಗಿಯಿತು. ಎರಡೂ ಕಿವಿಗೆ ತೊಂದರೆ, ಜಾಸ್ತಿನೇ. ಈಗ ಮೆಷಿನ್ ಹಾಕಿದ್ದಾರೆ, ಮಾತಿನ ತರಬೇತಿ ನಡೆದಿದೆ.

ಆವತ್ತಿನಿಂದ ನಾನು ತಟ್ಟೆ ಮುಟ್ಟಿಲ್ಲ. ಮೂರು ತಿಂಗಳಾದರೂ ಮುಖ ನೋಡಿ ನಗಲ್ಲ, ಕುತ್ತಿಗೆ ನಿಲ್ಲೋ ವಯಸ್ಸಿಗೆ ನಿಲ್ಲುತ್ತಿಲ್ಲ, ಒಂದು ಕೈ ಯಾವಾಗಲೂ ಮುಷ್ಟಿ ಕಟ್ಟಿರುತ್ತೆ ಅಂತ ತಾಯಿ ಹೇಳಿದರೆ ಸಾಕು, ಕಳಿಸುತ್ತೇನೆ. ತೊಂದರೆ ಇದೆಯೋ ಇಲ್ಲವೋ ಹೇಳೋದು ಅಲ್ಲಿಯವರ ಕೆಲಸ. ಗಾಡಿ ಬರೋವರೆಗೂ ಕಾಯಲ್ಲ. ಆಶಾಗೆ ಹೇಳಿ ಪಿಎಚ್‌ಸಿ ಡಾಕ್ಟರ್ ಹತ್ತಿರ ಚೀಟಿ ಬರೆಸಿ, ಜಿಲ್ಲೆಯ ಡಿಇಐಸಿಗೆ, ಅಂದರೆ ಮಕ್ಕಳ ಇಂಥ ತೊಂದರೆ ಬೇಗ ಪತ್ತೆ ಮಾಡಿ ಚಿಕಿತ್ಸೆ ಕೊಡೋ ಕೇಂದ್ರಕ್ಕೆ, ಕಳಿಸುತ್ತೇವೆ. ಮತ್ತೆ ಒಂದು, ಇಂಥ ಮಾತು ತೂಕದ ದಿನ ಹತ್ತು ಜನರ ಮುಂದೆ ಆಡಲ್ಲ. ಸಂಜೆ ಮನೆಗೇ ಹೋಗುತ್ತೇನೆ. ಅಜ್ಜಿ ಇರುವಾಗಲೇ ಹೋಗೋದು, ಬೇಡ ಅನ್ನೋರು ಸಾಮಾನ್ಯವಾಗಿ ಅವರೇ ಅಲ್ವಾ.

ರಿಜಿಸ್ಟರಿನಲ್ಲಿ ಚೀಟಿ ಕೊಟ್ಟ ತಾರೀಖಿನ ಪಕ್ಕ ಇನ್ನೊಂದು ಗೆರೆ ಎಳೆದಿದ್ದೇನೆ, "ಹೋದರಾ?" ಅಂತ. ಇಲಾಖೆ ಕೇಳಿದ್ದಲ್ಲ, ನನ್ನದೇ. ಈ ತಿಂಗಳು ಅಲ್ಲಿ ಒಂದು ಹೆಸರಿನ ಮುಂದೆ ಖಾಲಿ ಇದೆ. ಮನೆಯವರು ಈರುಳ್ಳಿ ಕೀಳೋಕೆ ಹೋಗಿದ್ದಾರೆ, ಸೋಮವಾರ ಬರ್ತಾರಂತೆ.