ರಮ್ ತುಂಬಿದ ಚಾಕಲೇಟಿಗೆ ಲೈಸೆನ್ಸ್ ಬೇಕಾ?

ಲಂಡನ್ನಿಂದ ಬಂದ ಅಕ್ಕ ತಂದ ಚಾಕಲೇಟ್ ಕಚ್ಚಿದರೆ ಒಳಗಿಂದ ರಮ್ ಸುರಿಯಿತು. ಅಮ್ಮನ ಮುಖ ನೋಡಬೇಕಿತ್ತು! ಇದನ್ನ ಅಂಗಡೀಲಿ ಹೇಗೆ ಮಾರ್ತಾರೆ ಅಂತ ಕುತೂಹಲಕ್ಕೆ ಓದಿದೆ.

ಇಂಗ್ಲೆಂಡ್, ವೇಲ್ಸ್‌ನಲ್ಲಿ 2003ರ ಲೈಸೆನ್ಸಿಂಗ್ ಕಾಯ್ದೆ ಪ್ರಕಾರ, ಒಂದು ಕಿಲೋ ಮಿಠಾಯಿಯಲ್ಲಿ 0.2 ಲೀಟರಿಗಿಂತ ಜಾಸ್ತಿ ಮದ್ಯ ಇರಬಾರದು, ಆ ಮದ್ಯದ ತೀವ್ರತೆಯೂ ಶೇ. 57 ದಾಟಬಾರದು, ಒಂದೊಂದು ತುಂಡು 42 ಗ್ರಾಂ ಮೀರಬಾರದು. ಇಷ್ಟಿದ್ದರೆ ಅದು ಮದ್ಯ ಅಲ್ಲ, ಬರೀ ಮಿಠಾಯಿ. ಮಾರೋಕೆ ಮದ್ಯದ ಲೈಸೆನ್ಸೂ ಬೇಡ. ಮೊದಲು 16 ವರ್ಷದೊಳಗಿನವರಿಗೆ ಮಾರಿದರೆ ಅಪರಾಧವಾಗಿತ್ತು. 2015ರಲ್ಲಿ ಅದನ್ನೂ ತೆಗೆದುಹಾಕಿದರು! ನನಗಂತೂ ಇದು ಸ್ವಲ್ಪ ಅತಿ ಅನ್ನಿಸಿತು.

ಅಮೆರಿಕದ ಕೇಂದ್ರ ಕಾನೂನು ಇದಕ್ಕಿಂತ ಬಿಗಿ. ಫ್ಲೇವರ್ ಎಸೆನ್ಸ್‌ನಿಂದ ಬರುವ ಶೇ. 0.5ರಷ್ಟು ಆಲ್ಕೋಹಾಲ್ ಬಿಟ್ಟರೆ, ಮಿಕ್ಕಿದ್ದನ್ನೆಲ್ಲ ಕಲಬೆರಕೆ ಅಂತಲೇ ಲೆಕ್ಕ ಹಾಕುತ್ತದೆ, ಆದರೆ ಮಾರುವ ರಾಜ್ಯವೇ ಒಪ್ಪಿದ್ದರೆ ತೊಂದರೆ ಇಲ್ಲ.

ಡಬ್ಬಿಯ ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ ರಮ್ ಅಂತ ಬರೆದೇ ಇತ್ತು. ಓದದೆ ಬಾಯಿಗೆ ಹಾಕಿಕೊಂಡಿದ್ದು ನಾವೇ ಅಲ್ವಾ.