ವೆಬ್‌ವ್ಯೂನಲ್ಲಿ ಸರ್ಟಿಫಿಕೇಟ್ ದೋಷ ಬಂದಾಗ

ರಾಯಚೂರಿನ ಹತ್ತಿ ದಲ್ಲಾಳಿ ಅಂಗಡಿಗಳಿಗೋ ಗಂಗಾವತಿಯ ಅಕ್ಕಿ ಗಿರಣಿಗಳಿಗೋ ಆ್ಯಪ್ ಮಾಡಿಕೊಡುವ ನನ್ನಂಥವರು ಹಣ ಪಾವತಿಯ ಪುಟವನ್ನು ಹೊಸದಾಗಿ ಬರೆಯುವುದಿಲ್ಲ. ಇರುವ ಜಾಲತಾಣವನ್ನೇ ವೆಬ್‌ವ್ಯೂ (ಆ್ಯಪ್‌ನೊಳಗೇ ಜಾಲಪುಟ ತೋರಿಸುವ ಭಾಗ) ಒಳಗೆ ತೆರೆಯುತ್ತೇವೆ. ಬ್ರೌಸರ್‌ನಲ್ಲಾದರೆ ವಿಳಾಸ ಕಣ್ಣಿಗೆ ಬೀಳುತ್ತದೆ. ವೆಬ್‌ವ್ಯೂ ತಾನಾಗಿ ಅದನ್ನು ತೋರಿಸುವುದಿಲ್ಲವಾದ್ದರಿಂದ, ಎದುರಿಗಿರುವುದು ಅಸಲಿ ಸರ್ವರ್ ಹೌದೋ ಅಲ್ಲವೋ ಎಂದು ನೋಡುವ ಹೊಣೆ ಪೂರ್ತಿಯಾಗಿ ಆ್ಯಪ್‌ನದೇ ಆಗುತ್ತದೆ.

ಸರ್ವರ್ ತನ್ನ ಗುರುತಿಗೆಂದು ತೋರಿಸುವ ಸರ್ಟಿಫಿಕೇಟ್ ಸರಿಯಿಲ್ಲದಿದ್ದರೆ ಆಂಡ್ರಾಯ್ಡ್ ವೆಬ್‌ವ್ಯೂ ತಾನಾಗಿಯೇ ಸಂಪರ್ಕ ಕಡಿದು ಖಾಲಿ ಪುಟ ತೋರಿಸುತ್ತದೆ. ಆಗ ಅಂಗಡಿಯಿಂದ ಫೋನು ಬರುತ್ತದೆ: "ಸರ್, ಪೇಜ್ ಬರವಲ್ದು, ಹೆಂಗರ ಮಾಡಿ ಚಾಲೂ ಮಾಡಿಕೊಡ್ರಿ." ಹುಡುಕಿದರೆ ಸಿಗುವ ಸುಲಭದ ಉತ್ತರವೆಂದರೆ, ಇಂಥ ದೋಷ ಬಂದಾಗ ಆ್ಯಪ್‌ನಲ್ಲಿ ಓಡುವ 'ಆನ್‌ರಿಸೀವ್ಡ್‌ಎಸ್‌ಎಸ್‌ಎಲ್‌ಎರರ್' ಒಳಗೆ 'ಪ್ರೊಸೀಡ್' (ಮುಂದುವರಿ) ಎಂದು ಒಂದು ಸಾಲು ಬರೆಯುವುದು. ಪುಟವೇನೋ ತೆರೆಯುತ್ತದೆ, ಆದರೆ ಅವಧಿ ಮುಗಿದದ್ದು, ಬೇರೆ ಹೆಸರಿನದು, ಯಾರೋ ತಾವೇ ತಯಾರಿಸಿಕೊಂಡದ್ದು, ಎಲ್ಲವೂ ಅದೇ ಬಾಗಿಲಿನಿಂದ ಒಳಬರುತ್ತವೆ, ಬಸ್ ನಿಲ್ದಾಣದ ವೈಫೈ ನಡುವೆ ಕುಳಿತವನಿಗೆ ಕಾರ್ಡಿನ ಸಂಖ್ಯೆಯೂ ಪಾಸ್‌ವರ್ಡೂ ದಕ್ಕುತ್ತವೆ. ಇಂಥ ಕೋಡ್ ಇರುವ ಆ್ಯಪ್‌ಗಳನ್ನು ಗೂಗಲ್ ಪ್ಲೇ ತಡೆಯುವುದು ಸುಮ್ಮನೆ ಅಲ್ಲ. 'ಮುಂದುವರಿಯಬೇಕೆ?' ಎಂದು ಬಳಕೆದಾರರನ್ನೇ ಕೇಳುವುದೂ ನನ್ನ ಮಟ್ಟಿಗೆ ಅಷ್ಟೇ ತಪ್ಪು. ಲಾರಿ ಕಾಯುತ್ತಿರುವ ಗುಮಾಸ್ತ 'ಹೌದು' ಎನ್ನದೆ ಇನ್ನೇನು ಒತ್ತಿಯಾನು?

ಅಲ್ಲಿ ಬರೆಯಬೇಕಾದದ್ದು 'ಕ್ಯಾನ್ಸಲ್' ಮಾತ್ರ, ಜೊತೆಗೆ ದೋಷದ ಬಗೆಯನ್ನು ಲಾಗ್‌ನಲ್ಲಿ ದಾಖಲಿಸಬೇಕು. ಕಾರಣ ಹೆಚ್ಚಾಗಿ ಬೇರೆ ಕಡೆ ಇರುತ್ತದೆ. ಸರ್ವರ್ ತನ್ನ ಸರ್ಟಿಫಿಕೇಟ್ ಜೊತೆ ಅದನ್ನು ಫೋನು ನಂಬುವ ಮೂಲ ಸರ್ಟಿಫಿಕೇಟಿಗೆ ಜೋಡಿಸುವ ಮಧ್ಯಂತರ ಸರ್ಟಿಫಿಕೇಟನ್ನು ಕಳುಹಿಸದಿದ್ದರೆ, ಕಂಪ್ಯೂಟರಿನ ಬ್ರೌಸರ್ ಮೊದಲೇ ಉಳಿಸಿಕೊಂಡಿದ್ದನ್ನು ಬಳಸಿ ಪುಟ ತೆರೆದೀತು, ಫೋನಿನಲ್ಲಿ ಮಾತ್ರ ಅದು ಬಾರದೆ ಹೋದೀತು; ಆದ್ದರಿಂದಲೇ "ನಮ್ಮ ಸಿಸ್ಟಮ್‌ನಲ್ಲಿ ಸರಿಯಿದೆ" ಎಂಬ ಸರ್ವರ್‌ನವರ ಮಾತನ್ನು ನಾನು ಪುರಾವೆ ಎಂದು ಒಪ್ಪುವುದಿಲ್ಲ. ಬ್ಯಾಟರಿ ಪೂರ್ತಿ ಇಳಿದು ದಿನಾಂಕ ಹಿಂದಕ್ಕೆ ಹೋದ ಫೋನಿನಲ್ಲೂ ದೋಷ ಬರುತ್ತದೆ. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳಲ್ಲಿ, ಸರ್ಟಿಫಿಕೇಟ್ ಕೊಡುವ ಸಂಸ್ಥೆಯಾದ ಲೆಟ್ಸ್ ಎನ್‌ಕ್ರಿಪ್ಟ್‌ನ ಈಗಿನ ಮೂಲ ಸರ್ಟಿಫಿಕೇಟೇ ಇಲ್ಲ. ಅಂಥ ಗಿರಾಕಿಗಳು ಹೆಚ್ಚಿದ್ದರೆ ಸರ್ವರ್‌ಗೆ ಬೇರೆ ಸಂಸ್ಥೆಯ ಸರ್ಟಿಫಿಕೇಟ್ ಹಾಕಿಸಬೇಕಾಗುತ್ತದೆ.

ಪರೀಕ್ಷೆಗಾಗಿ ಸ್ವಂತ ಸರ್ಟಿಫಿಕೇಟ್ ಬೇಕಾದರೆ, ಆಂಡ್ರಾಯ್ಡ್ 7ರಿಂದ ಬಂದ, ಆ್ಯಪ್ ಯಾವ ಸರ್ಟಿಫಿಕೇಟ್ ನಂಬಬೇಕೆಂದು ಹೇಳುವ ನೆಟ್‌ವರ್ಕ್ ಸೆಕ್ಯುರಿಟಿ ಕಾನ್ಫಿಗ್ ಫೈಲಿನ 'ಡೀಬಗ್ ಓವರ್‌ರೈಡ್ಸ್' ಭಾಗದಲ್ಲಿ ಅದನ್ನು ಸೇರಿಸಬಹುದು. ಡೀಬಗ್ ಅಲ್ಲದ, ಅಂದರೆ ಗಿರಾಕಿಗೆ ಹೋಗುವ ಬಿಲ್ಡ್‌ಗೆ ಅದು ಅನ್ವಯಿಸುವುದಿಲ್ಲ. ಐಫೋನಿನ ಡಬ್ಲ್ಯೂಕೆವೆಬ್‌ವ್ಯೂನಲ್ಲಿ ಚಾಲೆಂಜ್ (ಈ ಸರ್ವರನ್ನು ನಂಬಬಹುದೇ ಎಂಬ ಪ್ರಶ್ನೆ) ಬಂದಾಗ, ಪರಿಶೀಲಿಸದೆ ಸರ್ವರ್ ಟ್ರಸ್ಟನ್ನು ಹಾಗೆಯೇ ಹಿಂದಿರುಗಿಸಿ ಒಪ್ಪಿಬಿಟ್ಟರೂ ಇದೇ ಕಥೆ; ವಿಶೇಷ ಕಾರಣವಿಲ್ಲದಿದ್ದರೆ ಚಾಲೆಂಜ್‌ಗೆ ಉತ್ತರಿಸುವ ಆ ಕೋಡನ್ನು ಬರೆಯದೆ ಸಿಸ್ಟಮ್‌ನ ಪರಿಶೀಲನೆಗೇ ಬಿಡುವುದು ಒಳಿತು.